ಎಂಟನೇ ದಿನದ ಹೆಸರು

ಈಗಲೂ ಎಲ್ಲಾದರೂ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನಿನ ಸದ್ದು ಕೇಳಿದರೆ ಗಲ್ಫಿನ ಫಿಂಟಾಸಿನಲ್ಲಿದ್ದ ನಮ್ಮ ಹಳೆಯ ಮನೆ, ಅದರ ಉಪ್ಪುಗಾಳಿ, ಅಮ್ಮನ ಮೀನುಸಾರಿನ ಪರಿಮಳ ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಆ ಮನೆ ಇಂದಿಲ್ಲ. ಅದರ ಕೆಳಗಿನ ಕೋಣೆಯಲ್ಲಿ ಟೈಲರ್ ಮೊದು, ಅವನ ಹೆಂಡತಿ ಆಸ್ತು ಇದ್ದರು. ಸೆನೆಗಲ್‌ನಿಂದ ಹಜ್‌ಗೆ ಬಂದು ಈ ಕಡೆಯೇ ಉಳಿದ ವೊಲೋಫ್ ಮಾತಿನ ಜನ. ಕಾನ್ವೆಂಟಿನಿಂದ ಬಂದು ಬ್ಯಾಗ್ ಎಸೆದವಳೇ ನಾನು ಆಸ್ತುವಿನ ಬಳಿ ಓಡುತ್ತಿದ್ದೆ. ಅರಬ್ಬಿ, ಇಂಗ್ಲಿಷ್ ಬೆರೆಸಿ ಅವಳು ಹೆಸರುಗಳ ಕತೆ ಹೇಳುತ್ತಿದ್ದಳು. ಮುಹಮ್ಮದ್ ಎಂಬ ಹೆಸರು ಅವರ ಊರು ಸೇರಿ ಮಮದು ಆಯಿತಂತೆ, ಮನೆಯೊಳಗೆ ಬಂದು ಮೊದು ಆಯಿತಂತೆ. ಫಾತಿಮಾ ಫಾತು, ಖದೀಜಾ ಖಾದಿ. ಅವಳ ಹೆಸರಿನ ಬೇರು ಆಯಿಶಾ, ಅಂದರೆ ‘ಬದುಕಿರುವವಳು’. “ನಮ್ಮ ಪಪ್ಪ ಸೆಬಾಸ್ಟಿಯನ್, ಅಜ್ಜಿ ಮಾತ್ರ ಬಸ್ತ್ಯಾಂವ್ ಅಂತ ಕರೀತಾರೆ” ಎಂದು ನಾನು ಹೇಳಿದರೆ ಬಾಯಲ್ಲಿದ್ದ ದಾರ ಉಗುಳಿ ನಗುತ್ತಿದ್ದಳು. “ನೀವೂ ನಮ್ಮ ಹಾಗೆ ಕಳ್ಳರೇ! ದೊಡ್ಡವರ ಹೆಸರು ಕದ್ದು, ಕತ್ತರಿಸಿ, ಅಳತೆಗೆ ಹೊಲಿದುಕೊಳ್ಳುವವರು.”

ಅವಳಿಗೆ ಹೆಣ್ಣುಮಗು ಹುಟ್ಟಿತು. ಅವರಲ್ಲಿ ಎಂಟನೇ ದಿನ ಹಿರಿಯರೊಬ್ಬರು ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕು. ಅದಕ್ಕೂ ಮೊದಲು ಯಾರ ಬಾಯಲ್ಲೂ ಅದು ಬರಬಾರದು. ನನಗೊಬ್ಬಳಿಗೆ ಗುಟ್ಟಾಗಿ ಹೇಳಿದಳು: ಮರಿಯಾಮಾ. ಅರ್ಥವೇನೆಂದು ಕೇಳಿದೆ. “ನಮ್ಮಲ್ಲಿ ಹೆಸರಿನ ಅರ್ಥ ಕೇಳಿದರೆ ಯಾರಾದರೂ ಒಬ್ಬರನ್ನು ತೋರಿಸುತ್ತೇವೆ” ಎಂದು ಮಹಡಿಯತ್ತ ಬೆರಳು ಮಾಡಿದಳು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದದ್ದು ನನ್ನಮ್ಮ, ಮರಿಯಾ. ಬಸುರಿಗೆ ದಿನಾ ಗಂಜಿ ಕಳಿಸಿದವಳು.

ಆ ಖುಷಿಯನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ನಾಲ್ಕನೇ ದಿನ ಊಟದ ಟೇಬಲ್ಲಿನಲ್ಲಿ ಬಾಯಿಬಿಟ್ಟೆ. ಪಪ್ಪನ ತಂಗಿ ಅಪೊಲಿನ್ ಆಂಟಿ ಚಮಚ ಕೆಳಗಿಟ್ಟರು. “ಎಂತ? ನಮ್ಮನೆ ಹೆಸರು ಆ ದರ್ಜಿಯ ಮಗುವಿಗಾ? ನಾಳೆ ಮೇಲೆ ಬಂದು ನಮ್ಮ ಟೇಬಲ್ಲಿಗೇ ಕೂತ್ಕೊಳ್ತಾರೆ, ನೋಡ್ತಾ ಇರಿ!”

“ಹೆಸರೇನು ನಾವು ಕ್ರಯ ಕೊಟ್ಟು ತಂದದ್ದಾ, ಅಪೊಲಿನ್?” ಎಂದಳು ಅಮ್ಮ.

ಆಂಟಿ ಮನೆಮಾಲೀಕನ ಆಫೀಸಿನಲ್ಲಿ ಟೈಪಿಸ್ಟ್. ಮಿಷನ್ನಿನ ಗಲಾಟೆ ಎಂಬ ಕಂಪ್ಲೇಂಟೂ ಅವರದೇ, ಕೋಣೆ ಬಿಡಬೇಕೆಂಬ ಲೆಟರ್ ಟೈಪ್ ಮಾಡಿದ್ದೂ ಅವರೇ. ಏಳನೇ ದಿನ ಸಾಮಾನಿನ ಜೊತೆ ಬಾಣಂತಿಯೂ ಪಿಕಪ್ ಹತ್ತಿ ದೂರದ ಸುಲೈಬಿಯಾ ಕಡೆ ಹೋದಳು. ಆಸ್ತು ನನ್ನನ್ನು ಬೈಯಲಿಲ್ಲ. ಕೆನ್ನೆ ಮುಟ್ಟಿ “ಯಲ್ಲಾ, ನಡಿ, ಮೇಲೆ ಹೋಗು” ಎಂದಳು. ಬೈದಿದ್ದರೆ ನಾನು ಇಷ್ಟು ಕೆಟ್ಟವಳಾಗುತ್ತಿರಲಿಲ್ಲವೇನೋ. ಆ ಮಗುವಿಗೆ ಕೊನೆಗೆ ಯಾವ ಹೆಸರಾಯಿತೋ ನಮಗೆ ತಿಳಿಯಲೇ ಇಲ್ಲ. ಅಮ್ಮ ಹೆಣೆದಿದ್ದ ಫ್ರಾಕ್ ಪೆಟ್ಟಿಗೆಯಲ್ಲೇ ಹಳದಿಯಾಯಿತು.

ಫರ್ಗಿವ್‌ನೆಸ್ ಬಗ್ಗೆ ಸಿಸ್ಟರ್‌ಗಳು ಕಲಿಸಿದ್ದನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೆ, ಅಷ್ಟೇ. ಇಪ್ಪತ್ತು ವರ್ಷ ಕಾದೆ. ಆಂಟಿ ಮದುವೆಯಾಗಲಿಲ್ಲ. ನನಗೆ ಮಗಳು ಹುಟ್ಟಿದಾಗ ಅವರನ್ನೇ ಗಾಡ್‌ಮದರ್ ಆಗಿ ಕರೆದೆ. ನಮ್ಮಲ್ಲಿ ಗಾಡ್‌ಮದರ್ ಹೆಸರನ್ನೇ ಮಗುವಿಗಿಡುವುದುಂಟು. ಅವರು ಹೊಸ ಸೀರೆಯುಟ್ಟು, ‘ಬೇಬಿ ಅಪೊಲಿನ್’ ಎಂದು ಐಸಿಂಗಿನಲ್ಲಿ ಬರೆಸಿದ ಕೇಕ್ ತಂದಿದ್ದರು. “ಮಗುವಿಗೆ ಯಾವ ಹೆಸರು?” ಎಂದರು ಪಾದ್ರಿಗಳು. ಮಗು ಆಂಟಿಯ ತೋಳಲ್ಲಿತ್ತು. ಅವರ ಕಣ್ಣನ್ನೇ ನೋಡುತ್ತ ಹೇಳಿದೆ: “ಆಸ್ತು ಮರಿಯಾ.” ಮರಿಯಾ ಇದ್ದುದರಿಂದ ಪಾದ್ರಿಗಳು ತಕರಾರು ಮಾಡಲಿಲ್ಲ. ಆಂಟಿ ಕಣ್ಣು ತಪ್ಪಿಸಿ ಮಗುವಿನ ಬಟ್ಟೆ ಸರಿಮಾಡತೊಡಗಿದರು. ಅದು ನನಗೆ ಸಿಹಿಯಾಗಿತ್ತು. ಸುಳ್ಳೇಕೆ ಹೇಳಲಿ, ಇಂದಿಗೂ ಸಿಹಿಯೇ.

ಅವರು ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ‘ಬೇಬಿ’ಯಲ್ಲೇ ದಿನ ದೂಡಿದರು. ಇಕಾಮಾ, ಅಂದರೆ ಇಲ್ಲಿರುವ ಪರ್ಮಿಟ್, ಮುಗಿಸಿ ಅವರು ಊರಿಗೆ ಹೊರಟ ದಿನ ಏರ್‌ಪೋರ್ಟಿಗೆ ಬಿಡಲು ಹೋಗಿದ್ದೆವು. ನಾಲ್ಕು ವರ್ಷದ ಮಗಳು ಕೈ ಬಿಡಿಸಿಕೊಂಡು ಜನರ ನಡುವೆ ಓಡಿದಳು. ಸುತ್ತಲೂ ಎಷ್ಟೋ ಬೇಬಿಗಳು; ಹಾಗೆ ಕರೆದರೆ ಅವಳು ತಿರುಗುವಂತಿರಲಿಲ್ಲ. ಗಾಜಿನ ಬಾಗಿಲವರೆಗೆ ಹೋಗಿದ್ದ ಆಂಟಿ ತಿರುಗಿ ನಿಂತು, ಕೊನೆಯದಾಗಿ ಅವಳ ಮುಖ ನೋಡಲು ಕರೆಯಬೇಕೆಂದು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಇತ್ತು. ಆಮೇಲೆ ಮುಚ್ಚಿದರು. ನಾನು ಕರೆದು ಮಗುವನ್ನು ತಿರುಗಿಸಬಹುದಿತ್ತು. ಕರೆಯಲಿಲ್ಲ. ಅವರು ಮಗುವಿನ ಬೆನ್ನಿಗೇ ಕೈಬೀಸಿ, ಚೀಲ ಎತ್ತಿಕೊಂಡು ನಡೆದುಹೋದರು.