ಶನಿವಾರ ಮೂಡಲಿಗೆ ಹತ್ತು ಟಿಕೆಟು

ಟಿಕೆಟು ಬಂತು. ನನ್ನ ಮೊಮ್ಮಗಳು ಯಾಳಿನಿ ವಿಮಾನ ಹತ್ತಿ ವಿಯೆಟ್ನಾಂ ಅನ್ನುವ ದೇಶಕ್ಕೆ ಓದಲು ಹೋಗುತ್ತಾಳೆ. ಒಬ್ಬಳೇ ಅಲ್ಲ, ಒಟ್ಟು ಹತ್ತು ಜನ. ಹತ್ತು ಜನರ ಹೆಸರೂ ಒಂದೇ ಟಿಕೆಟಿನಲ್ಲಿ ಮದುವೆ ಕರೆಯೋಲೆಯಲ್ಲಿ ಇದ್ದ ಹಾಗೆ ಸಾಲಾಗಿ ಇವೆ. ಇವತ್ತು ಹೊತ್ತಿಳಿಯುವಾಗ ಅವಳ ಫೋನಿಗೆ ಬಂತು. ಕೊಡು ಮಗಾ, ಕೈಯಲ್ಲಿ ಹಿಡಿದು ನೋಡುತ್ತೀನಿ ಅಂದೆ. ಕಾಗದವೇ ಇಲ್ಲವಂತೆ, ಇಷ್ಟೇ ಅಂತೆ ಟಿಕೆಟು ಅಂದರೆ. ನಾನು ಫೋನನ್ನೇ ಎರಡು ಕೈಯಲ್ಲಿ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಎಲ್ಲರೂ ನಕ್ಕರು. ನಗಲಿ. ನಾನು ಹುಟ್ಟಿದಾಗ ನಮ್ಮೂರಿಗೆ ಬಸ್ಸು ಕೂಡ ಬರುತ್ತಿರಲಿಲ್ಲ.

ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಳವಳ್ಳಿ ಕಡೆಯವಳು. ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಮಗಳು ರತ್ನಳನ್ನು ಇಲ್ಲಿ, ತಮಿಳುನಾಡಿನ ತೇನಿ ಹತ್ತಿರ ಚಿನ್ನಮನೂರಿಗೆ ಕೊಟ್ಟಿದ್ದೆವು. ಈ ಮನೆಯವರು ನಮ್ಮವರೇ. ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ದನಕರು ಹೊಡೆದುಕೊಂಡು ಬಂದು ಈ ಕಂಬಂ ಬಯಲಲ್ಲಿ ಬೇಸಾಯ ಹಿಡಿದವರು. ಯಜಮಾನರು ಹೋದ ಮೇಲೆ ರತ್ನ ಬಂದು, ಅಲ್ಲಿ ಯಾಕೆ, ನನ್ನ ಜೊತೆ ಇರು ಅಂತ ಕರೆದುಕೊಂಡು ಬಂದಳು. ನಾಲ್ಕು ವರ್ಷವಾಯಿತು. ಮಗಳ ಮನೆಯಲ್ಲಿ ಇರುವುದಕ್ಕೆ ನಮ್ಮ ಕಡೆ ಜನ ಒಂದು ಮಾತು ಆಡುತ್ತಾರೆ. ಇಲ್ಲಿ ಯಾರೂ ಆಡಲಿಲ್ಲ. ಆಡಿದ್ದರೂ ಮೊದಲ ವರ್ಷ ನನಗೆ ತಿಳಿಯುತ್ತಿರಲಿಲ್ಲ ಅನ್ನಿ.

ಕನ್ನಡದವರ ಮನೆ ಅಂತ ಧೈರ್ಯವಾಗಿ ಬಂದೆ. ಬಂದ ದಿನ ಬೀಗರು, ಅಂದರೆ ಅಳಿಯನ ತಂದೆ ಬೊಮ್ಮಯ್ಯನವರು, ಎದುರು ಕುಳಿತು ಕನ್ನಡದಲ್ಲೇ ಮಾತಾಡಿದರು. ನನಗೆ ಅರ್ಧ ಹತ್ತಿತು, ಅರ್ಧ ಹತ್ತಲಿಲ್ಲ. ದಿಕ್ಕಿಗೆಲ್ಲ ಮೂಡ, ಪಡುವ, ಬಡಗ, ತೆಂಕ ಅನ್ನುತ್ತಾರೆ. ನಮ್ಮ ಮುತ್ತಜ್ಜಿ ಹಾಗೆ ಅನ್ನುತ್ತಿದ್ದಳು. ಮಾತಿನ ನಡುವೆ ಥಟ್ಟನೆ ತಮಿಳಿಗೆ ಇಳಿದುಬಿಡುತ್ತಾರೆ, ಗದ್ದೆ ಬದುವಿನಿಂದ ಕಾಲುವೆಗೆ ಇಳಿದ ಹಾಗೆ. ಯಾಳಿನಿಗೆ ನಾವು ಆಡುವುದೆಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ತಮಿಳೇ ಬರುತ್ತದೆ. ನನ್ನನ್ನು ‘ಅಮ್ಮಾಚ್ಚಿ’ ಅನ್ನುತ್ತಾಳೆ. ತಾಯಿಯ ತಾಯಿಗೆ ಇಲ್ಲಿ ಹಾಗೆ ಅನ್ನುವುದು. ಅವಳ ಹೆಸರನ್ನು ನಾನು ಇವತ್ತಿಗೂ ಸರಿಯಾಗಿ ಹೇಳುವುದಿಲ್ಲವಂತೆ. ಅದಕ್ಕೇ ಮಗಾ ಅಂದು ಮುಗಿಸುತ್ತೇನೆ.

ನಮ್ಮ ಕಡೆ ಕಣ್ಣು ಹಾಯಿಸಿದಷ್ಟು ದೂರ ಬಯಲು. ಇಲ್ಲಿ ಎರಡು ಕಡೆಯೂ ಬೆಟ್ಟ, ನಡುವೆ ಬಾಳೆ, ಭತ್ತ, ದ್ರಾಕ್ಷಿ ಚಪ್ಪರ. ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದಲ್ಲಿ, ಬೀಸುವ ಗಾಳಿಗೆ ಒಣಹಾಕಿದ ಸೀರೆ ಪಕ್ಕದ ಬೀದಿಗೆ ಹೋಗಿ ಕೂರುತ್ತದೆ. ಮುದ್ದೆಗೆ ಇಲ್ಲಿ ಕಳಿ ಅನ್ನುತ್ತಾರೆ, ಅಗಿದು ತಿನ್ನುತ್ತಾರೆ. ನಾನು ನುಂಗುವುದನ್ನು ನೋಡಿ ಮೊದಲ ದಿನ ಬೊಮ್ಮಯ್ಯನವರು ನೀರಿನ ಚೊಂಬು ಹತ್ತಿರ ತಳ್ಳಿದರು, ಗಂಟಲಿಗೆ ಸಿಕ್ಕಿಕೊಂಡಿತು ಅಂತ. ಇನ್ನು ಓದುವುದಂತೂ ನಿಂತೇಹೋಯಿತು. ಬಸ್ಸಿನ ಬೋರ್ಡು, ಔಷಧದ ಚೀಟಿ, ಗೋಡೆಯ ಕ್ಯಾಲೆಂಡರು ಎಲ್ಲ ತಮಿಳು. ನಾನು ಬರೆಯುತ್ತಿರುವ ಇದನ್ನು ಮನೆಯಲ್ಲಿ ಓದಬಲ್ಲವಳು ರತ್ನ ಒಬ್ಬಳೇ. ಮಧ್ಯಾಹ್ನ ಎಲ್ಲರೂ ತೋಟಕ್ಕೆ ಹೋದಾಗ ತಿಣ್ಣೆ ಮೇಲೆ, ನಮ್ಮ ಜಗಲಿಯ ಹಾಗಿರುವುದರ ಮೇಲೆ, ಸುಮ್ಮನೆ ಕೂತು ಅತ್ತದ್ದೂ ಉಂಟು. ಈಗ ಅಳುವುದಿಲ್ಲ. ತರಕಾರಿಯವಳ ಹತ್ತಿರ ತಮಿಳಿನಲ್ಲಿ ಜಗಳ ಆಡುವಷ್ಟು ಕಲಿತಿದ್ದೇನೆ.

ಯಾಳಿನಿ ಓದುವುದು ದಿಂಡುಕ್ಕಲ್ ಕಡೆಯ ಒಂದು ಕಾಲೇಜಿನಲ್ಲಿ. ಹಣ್ಣು ತರಕಾರಿ ಕೊಯ್ದ ಮೇಲೆ ಕೆಡದಂತೆ ಇಡುವ ಓದು. ಅಳಿಯ ಒಡ್ಡನ್‌ಛತ್ರಂ ಮಂಡಿಯಲ್ಲಿ ತರಕಾರಿ ವ್ಯಾಪಾರ ಮಾಡುವವನು, ಲಾರಿ ತಡವಾದರೆ ಟೊಮೇಟೊ ನೀರಾಗುವುದನ್ನು ಚಿಕ್ಕಂದಿನಿಂದ ನೋಡಿದ್ದಾಳೆ. ಅದನ್ನೇ ಓದುತ್ತೀನಿ ಅಂದಳು. ಈಗ ಕಾಲೇಜಿನವರು ಎಂಟು ಹುಡುಗಿಯರು, ಒಬ್ಬ ಹುಡುಗ, ಕರೆದುಕೊಂಡು ಹೋಗುವ ಟೀಚರು, ಇಷ್ಟು ಜನರನ್ನು ಒಂದು ತಿಂಗಳ ಮಟ್ಟಿಗೆ ವಿಯೆಟ್ನಾಮಿನ ಕಾಲೇಜಿಗೆ ಕಳಿಸುತ್ತಾರೆ. ಟೀಚರನ್ನು ಇಲ್ಲಿ ಮಿಸ್ ಅನ್ನುತ್ತಾರೆ. ಮಿಸ್ ದಿಂಡುಕ್ಕಲ್‌ನಲ್ಲಿ ಟ್ರಾವಲ್ಸ್ ನಡೆಸುವ ಹೆಂಗಸೊಬ್ಬರಿಗೆ ವಿಮಾನದ ಕೆಲಸ ಒಪ್ಪಿಸಿದ್ದರು.

ಅದರ ಕಟ್ಟುಪಾಡನ್ನು ಯಾಳಿನಿ ನನಗೆ ಬಿಡಿಸಿ ಹೇಳಿದ್ದಳು. ಹತ್ತು ಜನ ಇದ್ದರೆ ವಿಮಾನದವರು ಅದನ್ನು ಗುಂಪು ಅನ್ನುತ್ತಾರೆ. ಗುಂಪಿಗೆ ಸೀಟು ಹಿಡಿದಿಡುತ್ತಾರೆ, ರೇಟನ್ನೂ ಏರದಂತೆ ಕಟ್ಟಿಡುತ್ತಾರೆ, ಹೆಸರನ್ನು ಆಮೇಲೆ ಕೊಡಬಹುದು. ಒಬ್ಬರು ಕಳಚಿಕೊಂಡು ಒಂಬತ್ತಾದರೆ ಗುಂಪೇ ಇಲ್ಲ. ಉಳಿದವರು ಒಬ್ಬೊಬ್ಬರೇ ಆ ದಿನದ ರೇಟಿಗೆ ಕೊಳ್ಳಬೇಕು. ಯಾಳಿನಿಯ ಗೆಳತಿ ಪಾಂಡಿಚೆಲ್ವಿಯ ತಾಯಿ ಮಂಡಿಯಲ್ಲಿ ಟೊಮೇಟೊ ಆರಿಸುವವಳು. ಗುಂಪು ಒಡೆದರೆ ಮೊದಲು ಮನೆಯಲ್ಲಿ ಉಳಿಯುವವಳು ಅವಳೇ.

ಒಡೆಯಲು ಹೊರಟವರು ನಮ್ಮ ಬೀಗರು.

ಇಲ್ಲಿ ಮನೆ ಮನೆಯಲ್ಲೂ ದಿನಕ್ಕೊಂದು ಹಾಳೆ ಕೀಳುವ ಕ್ಯಾಲೆಂಡರು ಇರುತ್ತದೆ. ಪ್ರತಿ ಹಾಳೆಯಲ್ಲೂ ಆ ದಿನ ‘ಸೂಲಂ’ ಯಾವ ದಿಕ್ಕಿಗೆ ಅಂತ ಅಚ್ಚು ಹಾಕಿರುತ್ತಾರೆ. ನಮ್ಮಲ್ಲಿ ವಾರಶೂಲೆ ಅನ್ನುತ್ತೇವಲ್ಲ, ಅದೇ. ಆ ದಿಕ್ಕಿಗೆ ಆ ದಿನ ಪ್ರಯಾಣ ಹೊರಡಬಾರದು. ಶನಿವಾರದ್ದು ಮೂಡಲಿಗೆ. ವಿಮಾನ ಹೊರಡುವುದು ಶನಿವಾರ. ಚಿನ್ನಮನೂರಿನಿಂದ ಮದುರೆ ಮೂಡಲಿಗೆ, ಮದುರೆಯಿಂದ ಸಿಂಗಪೂರು ಮೂಡಲಿಗೆ, ಅಲ್ಲಿಂದಾಚೆಯೂ ಮೂಡಲ ಕಡೆಯೇ ಅಂತೆ. ಬೊಮ್ಮಯ್ಯನವರು ಮನೆಯಲ್ಲಿ ಯಾರಿಗೂ ಹೇಳದೆ ಟ್ರಾವಲ್ಸಿಗೆ ಫೋನು ಮಾಡಿ, ನಮ್ಮ ಮಗುವಿನ ಸೀಟನ್ನು ಗುರುವಾರದ ವಿಮಾನಕ್ಕೆ ಬದಲಾಯಿಸಿಬಿಡಿ ಅಂದಿದ್ದಾರೆ. ತೇನಿ ಬಸ್ಸಿನಲ್ಲಿ ಮುಂದಿನ ಸೀಟಿಗೆ ಬದಲಾಯಿಸಿ ಕೂರುತ್ತೇವಲ್ಲ, ಹಾಗೆ ಅಂದುಕೊಂಡರು. ಆಕೆ ಪಾಪ ತಾಳ್ಮೆಯಿಂದ, ಒಬ್ಬರನ್ನು ತೆಗೆದರೆ ಗುಂಪು ಒಡೆಯುತ್ತದೆ ಅಯ್ಯಾ ಅಂದಳಂತೆ. ಹಾಗಾದರೆ ನಮ್ಮ ಹುಡುಗಿಯನ್ನು ಬಿಟ್ಟುಬಿಡಿ, ಅವಳು ಬರುವುದಿಲ್ಲ ಅಂತ ಇವರು ಫೋನು ಇಟ್ಟಿದ್ದಾರೆ.

ಅದು ನಿನ್ನೆಯ ಮಾತು. ಹೆಸರು ಕೊಡಲು ಇವತ್ತು ಮಧ್ಯಾಹ್ನವೇ ಕಡೆ. ಟ್ರಾವಲ್ಸಿನವರು ಮಿಸ್‌ಗೆ ಹೇಳಿ, ಮಿಸ್ ಯಾಳಿನಿಗೆ ಹೇಳಿ, ಅವಳು ಸಿಕ್ಕ ಬಸ್ಸು ಹತ್ತಿ ನಿನ್ನೆ ಸಂಜೆಗೇ ಮನೆಗೆ ಬಂದಳು. ಕಣ್ಣು ಊದಿತ್ತು. ಚಪ್ಪಲಿ ಬಿಟ್ಟು ತಾತನನ್ನು ದಾಟಿಕೊಂಡು ನೇರ ಒಳಗೆ ಹೋದಳು. ಅಳಿಯ ಬಂದು ಅಪ್ಪನ ಜೊತೆ ಗಟ್ಟಿಯಾಗಿ ಮಾತಾಡಿದ. ಎಲ್ಲ ತಮಿಳಿನಲ್ಲಿ. ಕೋಪ ಬಂದರೆ ಈ ಮನೆಯಲ್ಲಿ ಕನ್ನಡ ಹಿಂದಾಗುತ್ತದೆ. ಈ ಕಾಲದಲ್ಲಿ ಶೂಲ ಗೀಲ ಯಾರು ನೋಡುತ್ತಾರೆ ಅಂದ. ಅದೇ ತಪ್ಪಾಯಿತು. ಮುದುಕರು ಎದ್ದು ತೋಟಕ್ಕೆ ಹೋದರು, ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಇವತ್ತು ಬೆಳಿಗ್ಗೆ ಕಾಫಿ ತೆಗೆದುಕೊಂಡು ನಾನೇ ತಿಣ್ಣೆಗೆ ಹೋದೆ. ಶೂಲವನ್ನು ನಾನೂ ನಂಬುವವಳೇ. ಇಲ್ಲ ಅಂತ ಸುಳ್ಳು ಯಾಕೆ ಬರೆಯಲಿ. ಅದಕ್ಕೇ ಅವರ ಜೊತೆ ವಾದ ಮಾಡಲಿಲ್ಲ. ಏನಾಯಿತು ಹೇಳಿ ಅಂದೆ. ಅವರು ಲೋಟ ಹಿಡಿದುಕೊಂಡು ಬೀದಿ ನೋಡುತ್ತಲೇ ಹೇಳಿದರು.

“ಸಮ್ಮಂದಿಯಮ್ಮಾ, ನಮ್ಮವಳ್ನ ಮದುರೆ ಆಸ್ಪತ್ರಿಗೆ ಸನಿಕೆಳಮೆ ದಾ ಕೂಟ್ಕೊಂಡೋದೆ. ಮೂಡಾಕೆ. ಗೊತ್ತಿದ್ದೂ ಓದೆ. ವಂಡಿ ವಾಸ್ಲಲ್ಲಿ ನಿಂತಿತ್ತು, ಏನ್ ಮಾಡಾದು. ತಿರ್ಗಿ ಬರ್ನಿಲ್ಲ ಅವ.”

ಸಮ್ಮಂದಿ ಅಂದರೆ ಬೀಗಿತಿ. ಸನಿಕೆಳಮೆ ಅಂದರೆ ಶನಿವಾರ, ವಂಡಿ ಅಂದರೆ ಗಾಡಿ, ವಾಸಲು ಅಂದರೆ ಬಾಗಿಲು. ಮಾತಿಗೊಂದು ‘ದಾ’ ಸೇರಿಸುತ್ತಾರೆ, ನಮ್ಮ ‘ತಾನೇ’ ಇದ್ದ ಹಾಗೆ. ಅವರ ಹೆಂಡತಿ ತೀರಿಕೊಂಡ ಕಥೆ ನನಗೆ ಗೊತ್ತಿತ್ತು, ವಾರ ಗೊತ್ತಿರಲಿಲ್ಲ. ರತ್ನಳಿಗೂ ಗೊತ್ತಿರಲಿಲ್ಲವಂತೆ, ಆಮೇಲೆ ಕೇಳಿದೆ. ಈ ಮನುಷ್ಯ ಅದನ್ನು ಒಳಗೇ ಇಟ್ಟುಕೊಂಡು ಪ್ರತಿ ಶನಿವಾರದ ಹಾಳೆ ಕಿತ್ತಿದ್ದಾರೆ.

ನಾನು ಕೇಳಿದೆ, ನಿಮ್ಮಲ್ಲಿ ಪ್ರಸ್ಥಾನ ಇಡುವುದಿಲ್ಲವೇ ಅಂತ. ನಮ್ಮ ಊರಲ್ಲಿ ಹೊರಡುವ ದಿನಕ್ಕೆ ಶೂಲ ಇದ್ದರೆ, ಅದಕ್ಕೂ ಮೊದಲು ಒಳ್ಳೆಯ ದಿನ ನೋಡಿ ಗಂಟು ಗಡಿಗೆಯನ್ನು ಮನೆ ದಾಟಿಸಿ ಆ ದಿಕ್ಕಿನಲ್ಲಿ ಬೇರೆ ಕಡೆ ಇಟ್ಟುಬಿಡುತ್ತಾರೆ. ಗಂಟು ಹೊರಟರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ನಾನು ಮದುವೆಯಾಗಿ ಹೊರಟಾಗ ನನ್ನ ಟ್ರಂಕು ಎರಡು ದಿನ ಕುಂಬಾರರ ಮನೆಯಲ್ಲಿ ಇತ್ತು.

ಬೊಮ್ಮಯ್ಯನವರು ನನ್ನ ಕಡೆ ತಿರುಗಿದರು. ಅವರವ್ವ ಹಾಗೇ ಮಾಡುತ್ತಿದ್ದಳಂತೆ. ಮನೆಯ ಗಂಡಸರು ದನ ಹೊಡೆದುಕೊಂಡು ಬೆಟ್ಟ ಹತ್ತುವಾಗ ಕಂಬಳಿ, ಬುತ್ತಿ ಗಂಟು ಮೊದಲೇ ಊರಾಚೆ ದನದ ತೊಳುವಿಗೆ, ಅಂದರೆ ದೊಡ್ಡಿಗೆ, ಹೋಗುತ್ತಿತ್ತಂತೆ. ಅವಳು ಹೋದ ಮೇಲೆ ಯಾರೂ ಮಾಡಲಿಲ್ಲ, ಮರೆತೇಹೋಯಿತು ಅಂದರು. ನಾಲ್ಕು ವರ್ಷದಿಂದ ಇದು ಪರದೇಶ ಅಂತ ಕೂತಿದ್ದೆ. ನಮ್ಮ ಕಡೆಯ ಪದ್ಧತಿಯೊಂದು ನನಗಿಂತ ಎಷ್ಟೋ ಮುಂಚೆ ಇಲ್ಲಿಗೆ ನಡೆದು ಬಂದು, ಈ ಮನೆಯಲ್ಲೇ ಮಲಗಿತ್ತು.

ಆದರೂ ಅವರು ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ.

“ದನಕ್ಕೆ ಸರಿ. ಪ್ಲೇನ್ಗೆ ಆಗ್ತದಾ?”

“ಪ್ಲೇನಿಗೇನು ಗೊತ್ತು? ಗಂಟು ಯಾರದೋ ಅವರಿಗೆ ತಾನೆ ಶೂಲ,” ಅಂದೆ.

“ಅದೂ ಸರಿ ದಾ.” ಕಾಫಿ ಕುಡಿದರು. “ಎಂದು ಮಡುಗಾದು?”

ಶುಕ್ರವಾರ ಅಂದೆ. ಬೇಡ ಅಂತ ತಲೆ ಆಡಿಸಿದರು. ಶುಕ್ರವಾರ ಹೆಣ್ಣುಮಗುವನ್ನು ಮನೆಯಿಂದ ಕಳಿಸುತ್ತಾರಾ, ನಿಮ್ಮ ಸೀಮೆಯಲ್ಲಿ ಏನು ಪಳಕ ಅದು ಅಂತ ನನಗೇ ಬೈದರು. ಪಳಕ ಅಂದರೆ ರೂಢಿ. ಸರಿ, ನನ್ನದೇ ತಪ್ಪು ಅಂದೆ. ಗುರುವಾರ ಅಂತ ಆಯಿತು. ಎಲ್ಲಿ ಇಡುವುದು ಅನ್ನುವುದಕ್ಕೆ ಇನ್ನೊಂದು ಲೋಟ ಕಾಫಿ ಬೇಕಾಯಿತು. ಮೂಡಲ ಕಡೆ ಇರುವ ನೆಂಟರ ಮನೆಗಳನ್ನೆಲ್ಲ ಒಂದೊಂದಾಗಿ ಹೇಳಿ ಒಂದೊಂದಾಗಿ ಬಿಟ್ಟರು. ಒಬ್ಬಳದು ಕೆಟ್ಟ ಕಣ್ಣು, ಇನ್ನೊಬ್ಬನ ಮನೆಯಲ್ಲಿ ಇಲಿ. ಕೊನೆಗೆ ತಮ್ಮ ದ್ರಾಕ್ಷಿ ತೋಟದ ಮೋಟಾರ್ ಶೆಡ್ಡು ಅಂದರು. ಊರಿಗೆ ಅದು ಮೂಡಲಿಗೇ ಇದೆ. ಅಲ್ಲಿ ಕಾಯುವವರು ಯಾರು ಅಂದೆ.

“ನಾ ಮನ್ಗ್ತೀನಿ. ಗುರುವಾರ, ಶುಕ್ರವಾರ. ಪೊಟ್ಟಿ ಪಕ್ಕದಲ್ಲೇ ಕಟ್ಲು ಆಕ್ತೀನಿ.”

ಕಟ್ಲು ಅಂದರೆ ಮಂಚ, ಪೊಟ್ಟಿ ಅಂದರೆ ಪೆಟ್ಟಿಗೆ. ಅದನ್ನು ಇನ್ನೂ ಕೊಂಡೇ ಇಲ್ಲ. ಯಾಳಿನಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ, ನಮಗೆ ಗೊತ್ತಿಲ್ಲ. ಹೊರಗೆ ಬಂದು ತಾತನ ಪಕ್ಕ ಕೂತಳು. ನನ್ನ ಮುಂದೆ ಮೊದಲ ಸಲ ಅವಳು ಕನ್ನಡದಲ್ಲಿ ಒಂದು ಇಡೀ ಮಾತು ಆಡಿದ್ದು ಆಗ.

“ಸೊಳ್ಳೆ ಅದೆ ಅಲ್ಲಿ, ತಾತಾ.”

“ಇರ್ಲಿ ತಾಯಿ. ನನ್ನ ಕಚ್ಚಿ ಏನ್ ತಿಂತದೆ ಅದು.”

ಆಮೇಲೆ ಅವರೇ ಟ್ರಾವಲ್ಸಿಗೆ ಫೋನು ಮಾಡಿದರು. ಫೋನನ್ನು ಬಾಯಿಯ ಹತ್ತಿರ ಹಿಡಿದು, ದಿಂಡುಕ್ಕಲ್‌ಗೇ ಕೂಗಿ ಹೇಳುವವರ ಹಾಗೆ, ನಮ್ಮ ಮಗು ಬರುತ್ತಾಳೆ, ಶನಿವಾರವೇ ಬರುತ್ತಾಳೆ, ಸೀಟು ಇದೆಯಾ ಅಂದರು. ಆಕೆ ಇನ್ನೂ ತೆಗೆದಿರಲಿಲ್ಲ. ಗುಂಪಿನಿಂದ ಯಾರನ್ನೇ ತೆಗೆಯಬೇಕಾದರೂ ಮಿಸ್ ಹೇಳಬೇಕಂತೆ, ಮಿಸ್ ಇವತ್ತು ಮಧ್ಯಾಹ್ನದವರೆಗೆ ಹೇಳುವುದಿಲ್ಲ ಅಂತ ಹಠ ಹಿಡಿದು ಕೂತಿದ್ದರಂತೆ. ಆ ಹೆಣ್ಣುಮಗಳಿಗೆ ಒಳ್ಳೆಯದಾಗಲಿ. ಬೊಮ್ಮಯ್ಯನವರು ಬೀರು ತೆಗೆದು ಯಾಳಿನಿಯ ಪಾಸ್‌ಪೋರ್ಟು ತಂದರು. ಅದನ್ನೂ ತೆಗೆದಿಟ್ಟುಕೊಂಡಿದ್ದರು ನೋಡಿ. ಅವಳು ಫೋಟೋ ಹಿಡಿದು ಕಳಿಸಿದಳು.

ಅಷ್ಟಾದ ಮೇಲೆ ಕಾಯುವುದು ಒಂದೇ. ಹಣ ಕಟ್ಟಿದರು, ಹೆಸರು ಕಳಿಸಿದರು, ಈಗ ವಿಮಾನದವರು ನೋಡುತ್ತಿದ್ದಾರೆ ಅಂತ ಒಂದೊಂದಾಗಿ ಸುದ್ದಿ ಬರುತ್ತಿತ್ತು. ಪಾಂಡಿಚೆಲ್ವಿ ಫೋನಿನಲ್ಲಿ ಬಂತಾ ಬಂತಾ ಅಂತ ಕೇಳುತ್ತಲೇ ಇದ್ದಳು. ನಾನು ಏನೂ ಮಾಡಲು ತೋಚದೆ ಅವರೆಕಾಯಿ ಬಿಡಿಸಿದೆ, ಬಿಡಿಸಿದ್ದನ್ನೇ ಆರಿಸಿದೆ. ಟಿಕೆಟು ಬಂದಾಗ ಯಾಳಿನಿ ಕಿರುಚಲಿಲ್ಲ. ಹತ್ತು ಹೆಸರನ್ನೂ ಗಟ್ಟಿಯಾಗಿ ಓದಿದಳು, ತನ್ನದನ್ನು ಕೊನೆಗೆ ಓದಿದಳು.

ಸಾಯಂಕಾಲ ಅಳಿಯ ಮಂಡಿಯಿಂದ ಬೇಗ ಬಂದ. ಅಪ್ಪನ ಮುಖ ನೋಡದೆ ಒಂದು ಪೊಟ್ಟಣ ಮಿಠಾಯಿಯನ್ನು ಅವರ ಪಕ್ಕ ಇಟ್ಟ. ಅವರೂ ನೋಡದೆ ಒಂದು ತೆಗೆದು ಬಾಯಿಗೆ ಹಾಕಿಕೊಂಡರು. ಅಪ್ಪ ಮಗ ರಾಜಿಯಾಗುವುದು ಎರಡು ಸೀಮೆಯಲ್ಲೂ ಹೀಗೇ. ರತ್ನ ಕೋಳಿ ಕೊಳಂಬು, ಅಂದರೆ ಸಾರು, ಮಾಡಿದಳು. ನಾನು ಮುದ್ದೆ ಕಟ್ಟಿದೆ. ಐದೂ ಜನ ನೆಲದ ಮೇಲೆ ಸುತ್ತ ಕೂತೆವು. ಈ ಮನೆಯಲ್ಲಿ ಗಂಡಸರದು ಮೊದಲು ಆಗಬೇಕು, ಇವತ್ತು ಮಾತ್ರ ಬೊಮ್ಮಯ್ಯನವರೇ ಎಲ್ಲರೂ ಕೂತ್ಕಳಿ ಅಂದರು.

ಎರಡು ತುತ್ತು ಆದ ಮೇಲೆ ಅವರು ಮೊಮ್ಮಗಳಿಗೆ ಹೇಳಿದರು, ನೀನು ತಿರುಗಿ ಬರುವುದು ಬುಧವಾರ, ಪಡುವಲಿಗೆ, ಅವತ್ತು ಆ ಕಡೆಗೆ ಶೂಲವಿಲ್ಲ, ನೋಡಿದೆ ಅಂತ. ಅವಳು ಹೂಂ ಅಂದಳು. ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮೂರು ನಮಗೆ ಬಡಗಾಕೆ, ಸಮ್ಮಂದಿಯಮ್ಮಾ. ಮಂಗಳವಾರ, ಬುಧವಾರ ಬೇಡ. ಬ್ಯಾರೆ ಎಂದು ಓದ್ರೂ ಒಳ್ಳೇದು ದಾ. ಒಂದ್ ದಪ ಓಗಿ ನೋಡ್ಕಂಡ್ ಬನ್ನಿ.”

ವಾರದಲ್ಲಿ ಐದು ದಿನ ನನಗೆ ಊರ ದಾರಿ ತೆರೆದೇ ಇದೆ. ನಾಲ್ಕು ವರ್ಷದಿಂದ ತೆರೆದೇ ಇತ್ತು. ಹೋಗಬೇಕು ಅಂತ ಎದೆ ಎಳೆಯಿತು, ಸುಳ್ಳಲ್ಲ. ಆದರೆ ಗುರುವಾರ ಪೆಟ್ಟಿಗೆ ಶೆಡ್ಡಿಗೆ ಹೋಗುವಾಗ ನಾನು ಇಲ್ಲದಿದ್ದರೆ ಹೇಗೆ, ತಿಂಗಳಾದ ಮೇಲೆ ಬುಧವಾರ ಅವಳು ಬಂದಿಳಿದಾಗ ಆರತಿ ಎತ್ತುವವರು ಯಾರು.

“ಮಗು ಬರಲಿ,” ಅಂದೆ.

ಅವರು ಸರಿ ಅಂದು, ಕೋಳಿಯ ಒಂದು ತುಂಡು ತೆಗೆದು ಯಾಳಿನಿಯ ತಟ್ಟೆಗೆ ಹಾಕಿದರು. ಅವಳು ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು. ಎಲ್ಲರೂ ಉಂಡೆವು.