ಎಡಗಣ್ಣಿನ ಸುಳ್ಳು

ರಾಮನಗರದ ತಾಜ್ ಪಾಷಾನ ರೇಷ್ಮೆ ಘಟಕದಲ್ಲಿ ಆಫ್ತಾಬ್‌ನಷ್ಟು ನಯವಾಗಿ ನೂಲು ಬಿಚ್ಚುವವರು ಇನ್ನೊಬ್ಬರಿರಲಿಲ್ಲ. ಗೂಡು ಬೇಯುವ ತೊಟ್ಟಿಯ ಹಬೆಗೆ ಕನ್ನಡಕ ಮಸುಕಾಗುತ್ತದೆಂದು ಅವನು ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಶುರುಮಾಡಿದ್ದ. ಯಾರಿಗೂ ಹೇಳಿರಲಿಲ್ಲ. ನಲವತ್ತು ದಾಟಿದ ಗಂಡಸು ಸಿನಿಮಾದವರ ಹಾಗೆ ಲೆನ್ಸ್ ಹಾಕುತ್ತಾನೆಂದರೆ ಜೊತೆಯವರು ಸುಮ್ಮನೆ ಬಿಡುತ್ತಾರೆಯೇ? ಸಕ್ಕರೆ ಕಾಯಿಲೆಯನ್ನೂ ಹಾಗೆಯೇ ಮುಚ್ಚಿಟ್ಟಿದ್ದ. ಲೆನ್ಸ್ ಉರಿದರೆ ಕಕ್ಕಸಿನ ನಲ್ಲಿಯಲ್ಲಿ ತೊಳೆದು, ಗೂಡಿನ ವಾಸನೆಯ ಕೈಯಲ್ಲೇ ಮತ್ತೆ ಕಣ್ಣಿಗಿಡುತ್ತಿದ್ದ. ತೆಗೆಯದೆ ಮಲಗಿದ್ದೂ ಉಂಟು.

ಒಂದು ಬೆಳಿಗ್ಗೆ ಎಡಗಣ್ಣು ಕೆಂಡವಾಗಿತ್ತು. ಲೆನ್ಸ್ ಕಿತ್ತು ಬಿಸಾಡಿ ಕೆಲಸಕ್ಕೆ ಬಂದ.

"ಏನ್ಲಾ ಆಯ್ತು ಕಣ್ಗೆ?" ಪಾಷಾ ಗಾಬರಿಯಾದ.

ಲೆನ್ಸ್ ಎನ್ನಲು ನಾಲಿಗೆ ಏಳಲಿಲ್ಲ. "ನಿನ್ನೆ ವಜೀರಾ ಬಿಸಿನೀರು ಎರಚ್ಬುಟ್ಳು," ಎಂದುಬಿಟ್ಟ.

ವಜೀರಾ ಪಕ್ಕದ ತೊಟ್ಟಿಯವಳು, ಮೆಲುಮಾತಿನ ಹೆಂಗಸು. "ಅಲ್ಲಾನಾಣೆಗೂ ಇಲ್ಲ," ಎಂದಳು. ಯಾರೂ ನಂಬಲಿಲ್ಲ. ನಾಳೆಯಿಂದ ಬರಬೇಡ ಎಂದ ಪಾಷಾ. ಆಫ್ತಾಬ್ ಕರವಸ್ತ್ರ ಒತ್ತಿಕೊಂಡು ನೆಲ ನೋಡುತ್ತ ನಿಂತಿದ್ದ.

ಔಷಧಿ ಅಂಗಡಿಯ ಹನಿಗೆ ನೋವು ಇನ್ನಷ್ಟು ಕೆರಳಿತು. ಕಣ್ಣಾಸ್ಪತ್ರೆಯ ಡಾಕ್ಟರಮ್ಮ ದೀಪ ಹಿಡಿದು ನೋಡಿದರು.

"ಇದು ಸುಟ್ಟ ಗಾಯ ಅಲ್ಲ, ಸೋಂಕು. ಲೆನ್ಸ್ ಹಾಕ್ತೀರಾ?"

"ಇಲ್ಲ."

"ಶುಗರ್ ಇದೆಯಾ?"

ಆಫ್ತಾಬ್ ಕರವಸ್ತ್ರ ಮಡಿಸತೊಡಗಿದ.

"ಶುಗರ್ ಇರೋರಿಗೆ ಇದು ಬೇಗ ಮಾಯೋಲ್ಲ. ನಿಜ ಹೇಳದಿದ್ರೆ ಯಾವ ಔಷಧಿ ಕೊಡ್ಲಿ? ಕಣ್ಣೇ ಹೋಗುತ್ತೆ."

ಆಗ ಎಲ್ಲ ಹೇಳಿದ. ನಲ್ಲಿ ನೀರಿನ ವಿಷಯಕ್ಕೆ ಬರುವಾಗ ಕಿವಿಯವರೆಗೆ ಬಿಸಿಯೇರಿತು. ಆಕೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ತಿಂಗಳುಗಟ್ಟಲೆ ಹನಿ ಹಾಕಿದ ಮೇಲೆ ಕಣ್ಣು ಉಳಿಯಿತು. ಕರಿಗುಡ್ಡೆಯ ಮೇಲೆ ಬಿಳಿ ಕಲೆಯೂ ಉಳಿಯಿತು. ಕೆಲಸಕ್ಕೆ ಮರಳಿದ ದಿನ ಎಲ್ಲರೆದುರು ಬಾಯಿಬಿಟ್ಟ: "ವಜೀರಾದು ತಪ್ಪಿಲ್ಲ ಕಣಣ್ಣ. ನಾನೇ ಸುಳ್ಳು ಹೇಳ್ಬುಟ್ಟೆ."

"ಸಂಜೆ ಅವ್ಳ ಮನೆಗೆ ನಡಿ, ನಾನೂ ಬತ್ತೀನಿ," ಎಂದ ಪಾಷಾ.

ಸಂಜೆ ಇಬ್ಬರೂ ವಜೀರಾಳ ಬಾಗಿಲಿಗೆ ಹೋದರು. ಅವಳು ಒಳಗೆ ಕರೆಯಲಿಲ್ಲ. ಪಾಷಾ ಮತ್ತೆ ಕೆಲಸಕ್ಕೆ ಬಾ ಎಂದರೂ ಒಪ್ಪದೆ ಆಫ್ತಾಬನತ್ತ ತಿರುಗಿದಳು.

"ಎಲ್ಲಿ ಕೆಲ್ಸ ಕೇಳಕ್ಕೋದ್ರೂ, ಕಣ್ಣು ಸುಟ್ಟೋಳು ನೀನೇನಾ ಅಂದ್ರು. ಅವ್ರಿಗೂ ಹೋಗಿ ಹೇಳ್ತೀಯಾ?"

"ಹೇಳ್ತೀನಿ."

ಅವಳು ಹೆಸರಿಸಿದ ಘಟಕಗಳಿಗೆಲ್ಲ ಆಫ್ತಾಬ್ ಹೋದ. ಬಾಗಿಲಲ್ಲೇ ನಿಂತು ಲೆನ್ಸು, ನಲ್ಲಿ, ಕೊಳಕು ಕೈ, ಕಾಯಿಲೆ ಎಲ್ಲವನ್ನೂ ಮೊದಲಿನಿಂದ ಹೇಳಿದ. ಕೆಲವರು ನಕ್ಕರು. ಒಬ್ಬರು ವಜೀರಾಳಿಗೆ ಕೆಲಸ ಕೊಟ್ಟರು.

ದಾರಿಯಲ್ಲಿ ಅವಳು ಎದುರಾದರೆ ಈಗಲೂ ಆಫ್ತಾಬನೇ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ.