ಕರು ಕುಡಿದು ಮಿಕ್ಕಿದ ಗಿಣ್ಣು

ಡಬ್ಬಿಯ ಮುಚ್ಚಳ ತೆಗೆದರೆ ಏಲಕ್ಕಿ, ಬೆಲ್ಲ, ಅದರಡಿಯಲ್ಲಿ ಎಳಗಂದಿ ಹಸುವಿನ ಹಾಲಿನ ಆ ಹಸಿಹಸಿ ವಾಸನೆ. ಶಾಂತಿಗ್ರಾಮದಿಂದ ದೊಡ್ಡಮ್ಮ ಬಸ್ ಕಂಡಕ್ಟರ್ ಕೈಲಿ ಗಿಣ್ಣು ಕಳಿಸಿದ್ದಳು. ಹಾಸನದ ಬಸ್‌ಸ್ಟ್ಯಾಂಡಿಗೆ ಹೋಗಿ, ಕೂಸು ಎತ್ತಿಕೊಂಡು ಬರುವ ಹಾಗೆ ಎತ್ತಿಕೊಂಡು ಬಂದಿದ್ದೆ. ಹೆಂಡತಿ ಇಣುಕಿ ನೋಡಿ, "ಇಷ್ಟೇನಾ? ನಿಮ್ಮ ದೊಡ್ಡಮ್ಮಂದು ಕೈ ಬಿಗಿಯಾಯ್ತು" ಅಂದಳು. ಡಬ್ಬಿಯಲ್ಲಿದ್ದದ್ದು ಎರಡೇ ತುಂಡು. ಮೊದಲಾಗಿದ್ದರೆ ನಾನೂ ಮುಖ ಊದಿಸುತ್ತಿದ್ದೆ. ಗಿಣ್ಣಿನ ವಿಷಯದಲ್ಲಿ ನಾನು ಅಂಥ ಮರ್ಯಾದಸ್ಥನಲ್ಲ, ನಿಮಗೆ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿದ್ದರೆ ಸರಿ, ಇಲ್ಲದಿದ್ದರೆ ಕೇಳಿ. ಹಸು ಕರು ಹಾಕಿದ ಮೊದಲ ದಿನಗಳ ಹಾಲು ಡೇರಿಗೆ ಹೋಗುವುದಿಲ್ಲ. ಅದನ್ನು ಗಿಣ್ಣು ಮಾಡಿ ಬೀದಿಗೆಲ್ಲ ಹಂಚಬೇಕು. ಒಂದು ಮನೆ ಬಿಟ್ಟುಹೋದರೆ ಮುಂದಿನ ಯುಗಾದಿ ತನಕ ಆ ಮಾತೇ. ಇನ್ನೊಂದು ಕಟ್ಟಳೆ ಇದೆ. ಕರು ಹುಟ್ಟಿದ ಮೇಲೆ ಹಸುವಿನ ಹೊಟ್ಟೆಯಿಂದ ಕಸ, ಅಂದರೆ ಮಾಸುಚೀಲ, ಬೀಳಬೇಕು, ಅದು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದು. ದೊಡ್ಡಮ್ಮನ ಮನೆಯಲ್ಲಿ ಈ ಎರಡಕ್ಕೂ ಕಾವಲು ಅವಳ ಅತ್ತೆ ಕೆಂಪಮ್ಮಜ್ಜಿ. ಜಗಲಿ ಮೇಲೆ ಎಲೆಯಡಿಕೆ ಜಗಿಯುತ್ತಲೇ ಅವರು ಕೊಟ್ಟಿಗೆಯನ್ನು ಆಳುತ್ತಿದ್ದರು. ದೊಡ್ಡಪ್ಪ ಅತ್ತೆ ಸೊಸೆ ನಡುವೆ ಬಾಯಿ ಬಿಡದ ಜಾಣ.

ಪುಟ್ಟಿ ಎನ್ನುವ ಕರು ಹುಟ್ಟಿದ್ದು ಈ ಕಟ್ಟಳೆಯಲ್ಲೇ. ಬೆಳಿಗ್ಗೆ ಹುಟ್ಟಿತು, ತಾಯಿಯ ಕಸ ಬಿದ್ದದ್ದು ಸಂಜೆಗೆ. ಅಷ್ಟು ಹೊತ್ತೂ ಅದು ಗೋಣಿಚೀಲದ ಮೇಲೆ ನಡುಗುತ್ತಾ ಮಲಗಿತ್ತು. ಆಮೇಲೆ ಬಿಟ್ಟರೆ ಅಜ್ಜಿ, "ಜಾಸ್ತಿ ಕುಡುದ್ರೆ ಬೇದಿ ಆಯ್ತದೆ, ಎಳ್ದು ಕಟ್ರಿ" ಅಂದರು. ಬೇದಿ ಹೇಗೂ ಆಯಿತು. ಕುಡಿಯದೇ ಇದ್ದದ್ದಕ್ಕೇ ಆದದ್ದು ಎಂದು ಪಶುವೈದ್ಯರು ಆಮೇಲೆ ಬೈದರು. ಬೀದಿಗೆಲ್ಲ ಗಿಣ್ಣು ಹೋಯಿತು, ನಮ್ಮನೆಗೂ ಕ್ಯಾರಿಯರ್ ತುಂಬ ಬಂತು. ರುಚಿಯಾಗಿಯೇ ಇತ್ತು.

ಅದೇ ಸುಗ್ಗಿಯಲ್ಲಿ ಎದುರುಮನೆಯಲ್ಲಿ ಹುಟ್ಟಿದ ಕರು ಕಡಸಾಗಿ, ಬೆದೆಗೆ ಬಂದು, ಈದು, ಮತ್ತೆ ಗಬ್ಬವಾಯಿತು. ನಮ್ಮ ಪುಟ್ಟಿ ಮಾತ್ರ ದಪ್ಪ ಹೊಟ್ಟೆ, ಗಿಡ್ಡ ಕಾಲು, ಒರಟು ಕೂದಲು ಹೊತ್ತುಕೊಂಡು ಇದ್ದಲ್ಲೇ ಇತ್ತು. ದೊಡ್ಡಮ್ಮ ಹಿಂಡಿ ಹಾಕಿದಳು, ಬೂಸ ಹಾಕಿದಳು, ಹಸಿಜೋಳ ಕತ್ತರಿಸಿ ಹಾಕಿದಳು. "ತಳಪಾಯಕ್ಕೆ ಸಿಮೆಂಟ್ ಕಮ್ಮಿ ಹಾಕ್ಬಿಟ್ಟು ಮೇಲೆಷ್ಟು ಗಿಲಾವು ಮಾಡಿದ್ರೇನಮ್ಮ" ಅಂದರು ಡಾಕ್ಟರು. ಅವರು ಆಗ ಮನೆ ಕಟ್ಟಿಸುತ್ತಿದ್ದರು, ಬಾಯಿ ಬಿಟ್ಟರೆ ಸಿಮೆಂಟೇ. ಅಜ್ಜಿಯದು ಒಂದೇ ಪಟ್ಟು: "ತಿಂದಿದ್ದೆಲ್ಲಾ ದಂಡ. ಚನ್ನರಾಯಪಟ್ಟಣದ ಸಂತೆಗೆ ಒಡೀರಿ ಅದ." ದೊಡ್ಡಮ್ಮ ಬೆನ್ನು ತಿರುಗಿಸಿಕೊಂಡೇ, "ಎಲ್ಗೂ ಓಗಲ್ಲ ಕಣತ್ತೆ ಅದು" ಅನ್ನುತ್ತಿದ್ದಳು.

ಹೆಸರಿಗೆ ದೊಡ್ಡಮ್ಮ, ನಿಂತರೆ ನನ್ನ ಎದೆಮಟ್ಟಕ್ಕೆ ಬರುತ್ತಾಳೆ. ತವರು ಅರಕಲಗೂಡಿನ ಕಡೆ. ಒಂದು ದಿನ ಪುಟ್ಟಿಯ ಕೊರಳಡಿಯ ಗಂಗೆದೊಗಲು ಕೆರೆಯುತ್ತಾ ತಾನಾಗಿ ಹೇಳಿದಳು: "ನಾನು ಉಟ್ಟಿದಾಗ ನಮ್ಮವ್ವನ ಮೊದಲಾಲ ಹಿಂಡಿ ಗಿಡದ ಬುಡಕ್ಕೆ ಚೆಲ್ಲುಬುಟ್ರಂತೆ ಕಣಪ್ಪ, ಕೆಟ್ಟಾಲು ಅಂತ. ನಂಗೆ ಸಕ್ರೆ ನೀರು ನೆಕ್ಕುಸುದ್ರಂತೆ. ನಾನೂ ಇದ್ರಂಗೇ. ಎಲ್ಲಾ ತಡ, ಎಲ್ಲಾ ಗಿಡ್ಡ." ಅವಳಿಗೆ ಎರಡು ಸಲ ಹೆರಿಗೆಯಾಗಿ ಎರಡು ಸಲವೂ ಮಗು ಉಳಿಯಲಿಲ್ಲ. ಅದಕ್ಕೂ ಇದಕ್ಕೂ ನಂಟಿದೆ ಎಂದು ನಾನು ಹೇಳಲಾರೆ, ಅಷ್ಟು ಓದಿದವನಲ್ಲ. ಅವಳು ಮಾತ್ರ ನಂಟು ಹಾಕಿಕೊಂಡಿದ್ದಳು. ನಾನು ಹುಲ್ಲು ಎಳೆದು ಪುಟ್ಟಿಯ ಮುಂದೆ ಹಾಕಿದೆ.

ಕೊನೆಗೂ ಪುಟ್ಟಿ ಗಬ್ಬವಾಯಿತು. ದೊಡ್ಡಮ್ಮ ಹಿಗ್ಗುವ ಮೊದಲೇ ಡಾಕ್ಟರು ಕೈ ತೊಳೆಯುತ್ತಾ, "ಸೊಂಟ ಕಿರಿದು ಕಣಮ್ಮ. ಬೆಳೀಬೇಕಾದಾಗ ಬೆಳೆದಿಲ್ಲ. ಕರು ದಪ್ಪ ಬಂದ್ರೆ ಎರಡು ಜೀವಕ್ಕೂ ಕಷ್ಟ" ಅಂದರು. ಅವತ್ತಿನಿಂದ ದೊಡ್ಡಮ್ಮ ಫೋನಿನಲ್ಲಿ ನನ್ನ ಕ್ಷೇಮ ಕೇಳುವುದನ್ನೇ ಬಿಟ್ಟಳು. ಪುಟ್ಟಿ ತಿಂತು, ಪುಟ್ಟಿ ತಿನ್ನಲಿಲ್ಲ, ಇಷ್ಟೇ ಸಮಾಚಾರ.

ನಾನು ಮುದ್ದೆ ಊಟದ ಆಸೆಗೆ ಹೋಗಿದ್ದ ಒಂದು ಭಾನುವಾರ ಮಧ್ಯಾಹ್ನವೇ ನೋವು ಬಂತು. ನೀರುಚೀಲ ಒಡೆಯಿತು, ಎರಡು ಗೊರಸು ಕಂಡವು, ಅಲ್ಲಿಗೆ ನಿಂತಿತು. ಡಾಕ್ಟರು ಕೊರವಂಗಲದಲ್ಲಿ ಇನ್ಯಾವುದೋ ಹಸು ನೋಡುತ್ತಿದ್ದರು. "ಬಂದೆ, ಎಳೀಬೇಡಿ" ಅಂದರು. ಪ್ರತಿ ನೋವಿಗೂ ಗೊರಸು ಇಷ್ಟು ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಪುಟ್ಟಿ ಕೂಗುವುದನ್ನೂ ನಿಲ್ಲಿಸಿ ನಾಲಿಗೆ ಹೊರಗೆ ಹಾಕಿತು. ತಡೆಯಲಾರದೆ ದೊಡ್ಡಪ್ಪ ಕೈ ಹಾಕಲು ಹೋದರೆ ದೊಡ್ಡಮ್ಮ, "ಮುಟ್ಬ್ಯಾಡಿ" ಅಂದಳು. ಅವಳು ಗಂಡನಿಗೆ ಹಾಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನಗೋ, ಎರಡೂ ಹೋದವು ಅನ್ನಿಸಿಬಿಟ್ಟಿತ್ತು.

ಬೈಕ್ ಸದ್ದಾಯಿತು. ಡಾಕ್ಟರು ಭುಜದವರೆಗೆ ಗ್ಲೌಸ್ ಹಾಕಿಕೊಂಡು, ಗೊರಸಿಗೆ ಹಗ್ಗ ಬಿಗಿದು, "ಅದು ತಿಣುಕಿದಾಗ ಮಾತ್ರ ಎಳೀರಿ" ಅಂದರು. ದೊಡ್ಡಪ್ಪನ ಹಿಂದೆ ನಾನೂ ಹಗ್ಗ ಹಿಡಿದೆ. ಸಗಣಿಯಲ್ಲಿ ಜಾರಿ ಕೂತೆ, ಕನ್ನಡಕ ಎಲ್ಲೋ ಹೋಯಿತು, ಆದರೂ ಹಗ್ಗ ಬಿಡಲಿಲ್ಲ. ಪುಟ್ಟಿ ಒಂದು ಸಲ ಮೈಯೆಲ್ಲ ನಡುಗಿ ತಿಣುಕಿತು, ಕರು ಜಾರಿ ಬಂತು. ಉಸಿರಿಲ್ಲ. ಡಾಕ್ಟರು ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದರು, ಎದೆ ಉಜ್ಜಿದರು. ಕರು ಸೀನಿತು. "ಹೆಣ್ಣು" ಅಂದರು ಡಾಕ್ಟರು.

ದೊಡ್ಡಮ್ಮ ಚೆಂಬು ತಂದು, ಮಲಗಿದ್ದ ಪುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ಕೈ ಹಾಕಿದಳು. ಜಗಲಿಯಿಂದ ಅಜ್ಜಿ, "ಕಸ ಬಿದ್ದಿಲ್ಲ ಕಣೇ. ಈ ಮನೇಲಿ ಅಂಗೆ ನಡ್ದಿಲ್ಲ" ಅಂದರು. ದೊಡ್ಡಮ್ಮನ ಕೈ ನಿಂತಿತು. ಸೊಸೆಯಾಗಿ ಬಂದ ಮೇಲೆ ಅತ್ತೆಯ ಮಾತು ದಾಟಿದವಳಲ್ಲ. ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ನಡ್ಕಂಡು ಬಂದಿದ್ದುಕ್ಕೇ ಅತ್ತೆ ಪುಟ್ಟಿ ಇಂಗಾಗಿದ್ದು. ನಾನೂ ಇಂಗಾಗಿದ್ದು. ಇದು ಆಗ್ಬಾರ್ದು."

ದನಿ ಏರಲಿಲ್ಲ. ಹಾಲು ಹಳದಿಯಾಗಿ, ಗಟ್ಟಿಯಾಗಿ ಚೆಂಬಿಗೆ ಬಿತ್ತು. ಅಷ್ಟನ್ನೂ ಬಾಟಲಿಗೆ ಹಾಕಿ ಕರುವಿಗೆ ಕುಡಿಸಿದಳು. ಅಜ್ಜಿ ಜಗಲಿಯಿಂದಲೇ, "ಬೀದಿಯೋರಿಗೆ?" ಅಂದರು. "ಕರ ಕುಡುದು ಬುಟ್ರೆ ಕೊಡನ" ಅಂದಳು ದೊಡ್ಡಮ್ಮ. ಸಂಜೆಗೆ ಕಸ ತಾನಾಗಿ ಬಿತ್ತು, ಪುಟ್ಟಿ ತೂರಾಡುತ್ತಾ ಎದ್ದು ನಿಂತಿತು. ಬೀದಿಗೆ ಗಿಣ್ಣು ಹೋಗಲಿಲ್ಲ, ಎದುರುಮನೆಯವರು ತಿಂಗಳುಗಟ್ಟಲೆ ಮಾತು ಬಿಟ್ಟರು. ಪುಟ್ಟಿ ಮತ್ತೆ ಗಬ್ಬ ಕಟ್ಟಲಿಲ್ಲ. ಇವತ್ತಿಗೂ ಅದೇ ಕೊಟ್ಟಿಗೆಯಲ್ಲಿ ದಂಡಕ್ಕೆ ತಿಂದುಕೊಂಡಿದೆ. ಸಂತೆಯ ಮಾತು ಯಾರೂ ಎತ್ತುವುದಿಲ್ಲ.

ಈ ಡಬ್ಬಿಯಲ್ಲಿರುವುದು ಅವತ್ತು ಸೀನಿದ ಕರುವಿನದು. ಅದೂ ಬೆಳೆದು, ಹೊತ್ತಿಗೆ ಸರಿಯಾಗಿ ಬೆದೆಗೆ ಬಂದು, ಮೊದಲ ಕರು ಹಾಕಿದೆ. ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಡಾಕ್ಟ್ರೇ ಬೇಕಾಗ್ಲಿಲ್ಲ ಕಣಪ್ಪ, ನಾನು ಬಿಸ್ನೀರು ತರಗಂಟ ಹಾಕ್ಬುಟ್ಟಿತ್ತು" ಅಂದಳು. ಹೆಂಡತಿ ಪಕ್ಕದಿಂದ ಡಬ್ಬಿ ತೋರಿಸಿ ಸನ್ನೆ ಮಾಡಿದಳು. ನಾನು ಕೇಳಲಿಲ್ಲ, ದೊಡ್ಡಮ್ಮನೇ ಹೇಳಿದಳು: "ಗಿಣ್ಣು ಅಷ್ಟೇ ಕಣಪ್ಪ, ಕರ ಕುಡುದು ಮಿಕ್ಕಿದ್ದು."

ಅಷ್ಟರಲ್ಲಿ ಅವಳ ಹಿಂದಿನಿಂದ ಕೆಂಪಮ್ಮಜ್ಜಿಯ ದನಿ ಕೇಳಿಸಿತು: "ಫೋನ್ ಮಡುಗೇ, ಕರ ಒದರ್ತಾ ಐತೆ. ಅದುಕ್ಕಿನ್ನೂ ಹೊಟ್ಟೆ ತುಂಬಿಲ್ಲ, ಬುಡೋಗು."

"ಬಂದೆ ಅತ್ತೆ" ಎಂದು ದೊಡ್ಡಮ್ಮ ನನಗೆ ಒಂದು ಮಾತೂ ಹೇಳದೆ ಫೋನಿಟ್ಟಳು. ನಾನು ಹೆಂಡತಿಗೆ ಒಂದು ತುಂಡು ಕೊಟ್ಟು, ನನ್ನದನ್ನು ಬಾಯಿಗಿಟ್ಟುಕೊಂಡೆ.